ಒಂದೇ ಕಡತದ ಕನಸು



ಹೊಸ ಸೈಕಲ್ ಕೊಳ್ಳಲು ಹೋದ ಗಿರಾಕಿಗೆ ಅಂಗಡಿಯವರು ‘ಹದಿನೈದು ದಿನ ಬಿಟ್ಟು ಬನ್ನಿ’ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಅಷ್ಟು ದಿನ ಏಕೆ ಎಂದು ಕೇಳಿದರೆ ಅಂಗಡಿಯವರು ಕಂಪೆನಿಯ ಕಡೆ ಕೈ ತೋರಿಸುತ್ತಾರೆ. ಕಂಪೆನಿಯ ಮಾರಾಟ ವಿಭಾಗ ಕಾರ್ಖಾನೆಯ ಕಡೆಗೆ, ಕಾರ್ಖಾನೆಯವರು ಉಗ್ರಾಣದ ಕಡೆಗೆ, ಉಗ್ರಾಣದವರು ಖರೀದಿ ವಿಭಾಗದ ಕಡೆಗೆ, ಖರೀದಿಯವರು ಹಣ ಬಿಡುಗಡೆ ಮಾಡದ ಲೆಕ್ಕಪತ್ರ ವಿಭಾಗದ ಕಡೆಗೆ ಬೆರಳು ಮಾಡುತ್ತಾರೆ. ಎಲ್ಲರ ಬಳಿಯೂ ಒಂದೊಂದು ಪುಸ್ತಕವಿದೆ. ಅವರವರ ಪುಸ್ತಕ ಅವರವರ ಮಟ್ಟಿಗೆ ಸರಿಯಾಗಿಯೇ ಇದೆ. ಆದರೆ ಒಂದರ ಲೆಕ್ಕ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ.

ಈ ಪುಸ್ತಕಗಳನ್ನೆಲ್ಲ ಬದಿಗಿಟ್ಟು ಇಡೀ ಸಂಸ್ಥೆಗೆ ಒಂದೇ ಪುಸ್ತಕ ಇಡುವುದು ಸಾಧ್ಯವೇ? ಮಾರಾಟದವರು ಬರೆದದ್ದು ಅದೇ ಗಳಿಗೆಯಲ್ಲಿ ಉಗ್ರಾಣದವರಿಗೂ ಲೆಕ್ಕಿಗರಿಗೂ ಕಾಣುವಂತೆ ಮಾಡಬಹುದೇ? ಸುಮಾರು ಮುಕ್ಕಾಲು ಶತಮಾನದಿಂದ ಉದ್ಯಮ ಜಗತ್ತು ಬೆನ್ನಟ್ಟಿಕೊಂಡು ಬಂದಿರುವ ಕನಸು ಇದು. ಅದರ ಇಂದಿನ ಹೆಸರು ‘ಎಂಟರ್‌ಪ್ರೈಸ್ ರಿಸೋರ್ಸ್ ಪ್ಲಾನಿಂಗ್’, ಚಿಕ್ಕದಾಗಿ ಇಆರ್‌ಪಿ. ಕನ್ನಡದಲ್ಲಿ ‘ಉದ್ಯಮ ಸಂಪನ್ಮೂಲ ಯೋಜನೆ’ ಎನ್ನಬಹುದು. ಹೆಸರು ಭಾರವಾದರೂ ವಿಷಯ ಸರಳ. ಸಂಸ್ಥೆಯ ಹಣ, ಸರಕು, ಜನ, ಯಂತ್ರ ಎಲ್ಲದರ ಲೆಕ್ಕವೂ ಒಂದೇ ಕಡೆ ಇರಬೇಕು ಎಂಬುದಷ್ಟೇ ಅದರ ತಿರುಳು.

ಈ ಕನಸು ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು, ಎಲ್ಲೆಲ್ಲಿ ಎಡವಿತು, ಮುಂದೆ ಎತ್ತ ಸಾಗುತ್ತಿದೆ ಎಂಬುದೇ ಇಂದಿನ ಮಾತಿನ ವಿಷಯ. ಕಂಪ್ಯೂಟರ್ ಕಲಿತವರಿಗಷ್ಟೇ ಸಂಬಂಧಿಸಿದ ಸಂಗತಿ ಇದಲ್ಲ. ಸಂಬಳ ಪಡೆಯುವವರು, ಔಷಧಿ ಕೊಳ್ಳುವವರು, ಅಂಗಡಿ ಇಟ್ಟವರು ಎಲ್ಲರೂ ಈಗ ಇಂತಹ ಯಾವುದಾದರೊಂದು ಲೆಕ್ಕದೊಳಗೆ ಒಂದು ಸಾಲಾಗಿ ಸೇರಿಹೋಗಿದ್ದಾರೆ.

ಚಹಾ ಅಂಗಡಿಯ ಕಂಪ್ಯೂಟರ್

ಲೆಕ್ಕ ಬರೆಯುವುದು ನಮ್ಮ ನಾಡಿಗೆ ಹೊಸದಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ‘ಕಡತ’ಗಳಲ್ಲಿ ಕನ್ನಡ ನಾಡಿನ ಮಠಗಳೂ ವರ್ತಕರೂ ತಮ್ಮ ಜಮಾಖರ್ಚನ್ನು ಬರೆದಿಟ್ಟರು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ ಸಾಮಗ್ರಿ. ಸರ್ಕಾರಿ ಕಚೇರಿಯ ಫೈಲಿಗೆ ಈಗಲೂ ಕಡತವೆಂದೇ ಹೆಸರು. ಊರಿನ ಲೆಕ್ಕವನ್ನು ಶಾನುಭೋಗರೊಬ್ಬರೇ ಇಡುತ್ತಿದ್ದಾಗ ತಾಳೆಯ ಸಮಸ್ಯೆ ಅಷ್ಟಾಗಿ ಇರಲಿಲ್ಲ. ಊರು ಒಂದು, ಪುಸ್ತಕ ಒಂದು, ಬರೆಯುವ ಕೈಯೂ ಒಂದು. ಕೆಲಸ ಒಬ್ಬರ ತಲೆಯ ಅಳತೆಯನ್ನು ಮೀರಿ ಬೆಳೆದಾಗಲೇ ತೊಡಕು ಶುರುವಾಗುವುದು.

ಹಾಗೆ ಬೆಳೆದ ಸಂಸ್ಥೆಗಳಲ್ಲಿ ಲಂಡನ್ನಿನ ಜೆ. ಲಯನ್ಸ್ ಕಂಪೆನಿಯೂ ಒಂದು. ಅದು ಯಂತ್ರಗಳನ್ನು ತಯಾರಿಸುವ ಕಂಪೆನಿಯಲ್ಲ. ಚಹಾ ಅಂಗಡಿಗಳ ಸರಣಿಗೂ ಬೇಕರಿಗೂ ಹೆಸರಾಗಿದ್ದ ಸಂಸ್ಥೆ. ಕಂಪ್ಯೂಟರ್ ಎಂದರೆ ವಿಜ್ಞಾನಿಗಳ, ಸೈನ್ಯದ ಸಾಧನ ಎಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ ಲಯನ್ಸ್ ಕಂಪೆನಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಎಡ್‌ಸ್ಯಾಕ್ ಯಂತ್ರದ ಮಾದರಿಯಲ್ಲಿ ತನ್ನದೇ ಕಂಪ್ಯೂಟರ್ ಕಟ್ಟಿತು. ಅದಕ್ಕೆ ‘ಲಿಯೋ’ ಎಂದು ಹೆಸರಿಟ್ಟಿತು. 1951ರ ನವೆಂಬರ್‌ನಲ್ಲಿ ಲಿಯೋ ಬೇಕರಿಯ ಸರಕಿನ ಮೌಲ್ಯ ಲೆಕ್ಕ ಹಾಕತೊಡಗಿತು. ವ್ಯಾಪಾರದ ದೈನಂದಿನ ಕೆಲಸಕ್ಕೆ ಕಂಪ್ಯೂಟರ್ ಬಳಕೆಯಾದದ್ದು ಅದೇ ಮೊದಲು.

ಮುಂದೆ ಚಹಾ ಅಂಗಡಿಗಳಿಗೆ ದಿನವೂ ಎಷ್ಟು ತಿನಿಸು ಕಳಿಸಬೇಕು ಎಂಬ ಲೆಕ್ಕವೂ ಲಿಯೋ ಪಾಲಿಗೆ ಬಂತು. ಪ್ರತಿ ಅಂಗಡಿಗೂ ಒಂದು ರೂಢಿಯ ಬೇಡಿಕೆ ಇರುತ್ತಿತ್ತು. ಅದರಲ್ಲಿ ಹೆಚ್ಚುಕಡಿಮೆ ಇದ್ದರೆ ಫೋನಿನಲ್ಲಿ ಕೇಳಿಕೊಂಡು ಆ ಬದಲಾವಣೆಯನ್ನಷ್ಟೇ ಕಾರ್ಡುಗಳಲ್ಲಿ ರಂಧ್ರ ಕೊರೆದು ಯಂತ್ರಕ್ಕೆ ಉಣಿಸುತ್ತಿದ್ದರು. ಅಂಗಡಿಯ ಬೇಡಿಕೆ, ಬೇಕರಿಯ ಉತ್ಪಾದನೆ, ಲಾರಿಗೆ ತುಂಬುವ ಸರಕು, ಹಣದ ಲೆಕ್ಕ ಇವೆಲ್ಲ ಒಂದೇ ಎಳೆಯಲ್ಲಿ ಪೋಣಿಸಿಕೊಂಡವು. ಇಆರ್‌ಪಿಯ ಬೀಜ ಇಲ್ಲಿಯೇ ಇದೆ.

ಸೈಕಲ್ಲಿಗೆ ಕಡ್ಡಿ ಎಷ್ಟು?

ಆ ಕಾಲದ ಯಂತ್ರಗಳಲ್ಲಿ ಒಂದು ದೊಡ್ಡ ಕೊರತೆ ಇತ್ತು. ಮಾಹಿತಿ ಇರುತ್ತಿದ್ದುದು ಕಾರ್ಡುಗಳ ಕಟ್ಟಿನಲ್ಲಿ ಅಥವಾ ಟೇಪಿನ ಸುರುಳಿಯಲ್ಲಿ. ಸುರುಳಿಯ ಕೊನೆಯಲ್ಲಿರುವ ಒಂದು ಸಾಮಾನಿನ ಲೆಕ್ಕ ಬೇಕೆಂದರೆ ಮೊದಲಿನಿಂದ ಇಡೀ ಸುರುಳಿ ಓಡಬೇಕು. 1956ರಲ್ಲಿ ಅಮೆರಿಕದ ಐಬಿಎಂ ಕಂಪೆನಿ ‘ರಾಮ್ಯಾಕ್’ ಎಂಬ ಯಂತ್ರವನ್ನು ಹೊರತಂದಿತು. 24 ಅಂಗುಲ ಅಗಲದ 50 ತಟ್ಟೆಗಳು, ಅವುಗಳ ಮೇಲೆ 50 ಲಕ್ಷ ಅಕ್ಷರಗಳಿಗೆ ಜಾಗ. ಇಂದಿನ ಮೊಬೈಲ್ ಫೋನಿನ ಒಂದೆರಡು ಚಿತ್ರಗಳಿಗೆ ಸಾಕಾಗುವಷ್ಟು ಜಾಗ ಅದು. ಆದರೆ ಬೇಕಾದ ಸಾಲನ್ನು ನೇರವಾಗಿ ಹೋಗಿ ಓದುವ ಶಕ್ತಿ ಅದಕ್ಕಿತ್ತು. ಸ್ವಾರಸ್ಯವೆಂದರೆ ರಾಮ್ಯಾಕ್ ಎಂಬ ಹೆಸರಿನ ವಿಸ್ತರಣೆಯಲ್ಲೇ ಲೆಕ್ಕಪತ್ರ ಮತ್ತು ನಿಯಂತ್ರಣ ಎಂಬ ಎರಡು ಮಾತುಗಳು ಅಡಗಿದ್ದವು.

ಇಷ್ಟು ಅನುಕೂಲವಾದ ಮೇಲೆ ಕಾರ್ಖಾನೆಯ ಹಳೆಯ ತಲೆನೋವಿಗೆ ಹೊಸ ಮದ್ದು ಸಿಕ್ಕಿತು. ಅದನ್ನು ಸಿದ್ಧಾಂತವಾಗಿ ರೂಪಿಸಿದವರು ಜೋಸೆಫ್ ಓರ್ಲಿಕಿ. ಜೆಕೊಸ್ಲೊವಾಕಿಯಾದಿಂದ ಅಮೆರಿಕಕ್ಕೆ ಬಂದ ಇವರು ಟ್ರ್ಯಾಕ್ಟರ್ ತಯಾರಿಸುವ ಜೆ.ಐ. ಕೇಸ್ ಕಂಪೆನಿಯಲ್ಲೂ ನಂತರ ಐಬಿಎಂನಲ್ಲೂ ದುಡಿದರು. ಅವರ ವಿಚಾರ ಬಹಳ ಸರಳ.

ಮನೆಯಲ್ಲಿ ಅಕ್ಕಿ ಡಬ್ಬದ ತಳ ಕಂಡಾಗ ಗೃಹಿಣಿ ಅಂಗಡಿಗೆ ಚೀಟಿ ಕಳಿಸುತ್ತಾಳೆ. ಕಾರ್ಖಾನೆಗಳೂ ಪ್ರತಿಯೊಂದು ಬಿಡಿಭಾಗದ ವಿಷಯದಲ್ಲಿ ಹೀಗೆಯೇ ಮಾಡುತ್ತಿದ್ದವು. ದಾಸ್ತಾನು ಒಂದು ಗೆರೆಗಿಂತ ಕೆಳಗಿಳಿದರೆ ಮತ್ತೆ ತರಿಸುವುದು. ಓರ್ಲಿಕಿ ಇದು ತಪ್ಪೆಂದರು. ಸೈಕಲ್ಲಿಗೆ ಎಷ್ಟು ಬೇಡಿಕೆ ಬಂದೀತು ಎಂಬುದನ್ನು ಊಹಿಸಬೇಕಾದೀತು. ಆದರೆ ಸೈಕಲ್ ಎಷ್ಟು ಎಂದು ನಿಶ್ಚಯವಾದ ಮೇಲೆ ಚಕ್ರ ಎಷ್ಟು, ಚಕ್ರದ ಕಡ್ಡಿ ಎಷ್ಟು ಎಂದು ಊಹಿಸುವುದೇಕೆ? ಲೆಕ್ಕ ಹಾಕಬಹುದಲ್ಲ!

ಮೊದಲು ಹೇಳಿದ ಸೈಕಲ್ಲಿಗೇ ಬರೋಣ. ನಮ್ಮಲ್ಲಿ ರೂಢಿಯಲ್ಲಿರುವ ಹಳೆಯ ಮಾದರಿಯ ಸೈಕಲ್ಲಿನ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಒಂದು ಜೊತೆಗೆ 72. ಈಗ 100 ಸೈಕಲ್ಲಿಗೆ ಬೇಡಿಕೆ ಬಂದಿದೆ. ಉಗ್ರಾಣದಲ್ಲಿ ಕಟ್ಟಿದ ಚಕ್ರಗಳು 20 ಜೊತೆ ಇವೆ. ಹಾಗಾದರೆ ಇನ್ನು ಕಟ್ಟಬೇಕಾದ್ದು 80 ಜೊತೆ. ಅದಕ್ಕೆ 5,760 ಕಡ್ಡಿ ಬೇಕು. ಬಿಡಿ ಕಡ್ಡಿ 1,760 ಇದ್ದರೆ ಕೊಳ್ಳಬೇಕಾದ್ದು 4,000 ಮಾತ್ರ. ಇನ್ನು ದಿನಗಳ ಲೆಕ್ಕ. ಕಡ್ಡಿ ಬರಲು 10 ದಿನ, ಚಕ್ರ ಕಟ್ಟಲು 3 ದಿನ, ಸೈಕಲ್ ಜೋಡಿಸಲು 2 ದಿನ. ಅಂದರೆ ಸೈಕಲ್ ಬೇಕಾದ ದಿನಕ್ಕೆ 15 ದಿನ ಮೊದಲೇ ಕಡ್ಡಿಗೆ ಹೇಳಿರಬೇಕು. ಗಿರಾಕಿ ಕೇಳಿದ ‘ಹದಿನೈದು ದಿನ ಏಕೆ’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಒಂದು ಸೈಕಲ್ಲಿಗಾದರೆ ಈ ಲೆಕ್ಕ ಕಾಗದದ ಮೇಲೂ ಆದೀತು. ಸಾವಿರಾರು ಭಾಗಗಳ ಟ್ರ್ಯಾಕ್ಟರಿಗೆ, ಅದೂ ಬೇಡಿಕೆ ವಾರವಾರವೂ ಬದಲಾಗುವಾಗ, ಕಂಪ್ಯೂಟರ್ ಇಲ್ಲದೆ ನಡೆಯದು. ‘ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್’ ಎಂದು ಹೆಸರಾದ ಈ ಪದ್ಧತಿಯನ್ನು 1964ರಲ್ಲಿ ಮೊದಲು ಅಳವಡಿಸಿಕೊಂಡದ್ದು ಉಪಕರಣ ತಯಾರಿಸುವ ಬ್ಲ್ಯಾಕ್ ಅಂಡ್ ಡೆಕರ್ ಕಂಪೆನಿ ಎನ್ನುತ್ತಾರೆ. 1975ರಲ್ಲಿ ಓರ್ಲಿಕಿಯವರ ಗ್ರಂಥ ಹೊರಬಂದಿತು. ಅವರ ಜೊತೆಗಾರ ಆಲಿವರ್ ವೈಟ್ ಇದಕ್ಕೆ ಯಂತ್ರಗಳ ಸಾಮರ್ಥ್ಯ, ಕಾರ್ಮಿಕರ ಸಮಯ, ಹಣದ ಲೆಕ್ಕಗಳನ್ನು ಸೇರಿಸಿ ಇನ್ನಷ್ಟು ವಿಸ್ತರಿಸಿದರು.

ಇದರಲ್ಲಿ ಒಂದು ಷರತ್ತು ಅಡಗಿದೆ. ಉಗ್ರಾಣದಲ್ಲಿ 1,760 ಕಡ್ಡಿ ಇದೆ ಎಂದು ಪುಸ್ತಕ ಹೇಳಿದರೆ ಉಗ್ರಾಣದಲ್ಲಿ ನಿಜಕ್ಕೂ ಅಷ್ಟು ಇರಬೇಕು. ಇಲ್ಲವಾದರೆ ಲೆಕ್ಕವೆಲ್ಲ ಸರಿಯಾಗಿಯೇ ನಡೆದು ಉತ್ತರ ಮಾತ್ರ ತಪ್ಪಾಗುತ್ತದೆ. ಇಆರ್‌ಪಿಯ ಮುಂದಿನ ಕಥೆಯೆಲ್ಲ ಈ ಷರತ್ತಿನ ಸುತ್ತಲೇ ತಿರುಗುತ್ತದೆ.

ಐವರು ಎಂಜಿನಿಯರುಗಳು

1972ರಲ್ಲಿ ಜರ್ಮನಿಯ ಐಬಿಎಂ ಶಾಖೆಯ ಕೆಲಸ ಬಿಟ್ಟ ಐವರು ತಮ್ಮದೇ ಒಂದು ಸಣ್ಣ ಸಂಸ್ಥೆ ಕಟ್ಟಿದರು. ಡೀಟ್ಮಾರ್ ಹೋಪ್, ಹಾಸೊ ಪ್ಲಾಟ್ನರ್, ಕ್ಲಾಸ್ ಚಿರಾ, ಹಾನ್ಸ್ ವೆರ್ನರ್ ಹೆಕ್ಟರ್, ಕ್ಲಾಸ್ ವೆಲೆನ್‌ರಾಯ್ಟರ್ ಈ ಐವರು. ಸಂಸ್ಥೆಯ ಹೆಸರು ಎಸ್‌ಎಪಿ. ಓಸ್ಟ್ರಿಂಗನ್ ಎಂಬಲ್ಲಿದ್ದ ಐಸಿಐ ಕಂಪೆನಿಯ ನೈಲಾನ್ ಕಾರ್ಖಾನೆ ಅವರ ಮೊದಲ ಗಿರಾಕಿ. ಆಗ ಅವರ ಬಳಿ ಸ್ವಂತ ಕಂಪ್ಯೂಟರ್ ಇರಲಿಲ್ಲ. ಗಿರಾಕಿಯ ಯಂತ್ರದಲ್ಲೇ, ಅದರಲ್ಲೂ ರಾತ್ರಿಯ ಹೊತ್ತು, ಪ್ರೋಗ್ರಾಂ ಬರೆಯುತ್ತಿದ್ದರು.

ಅವರು ತಂದ ಹೊಸತನ ಎರಡು. ಒಂದು, ದಿನವಿಡೀ ಕಾರ್ಡು ಕೂಡಿಹಾಕಿ ರಾತ್ರಿ ಯಂತ್ರಕ್ಕೆ ಹಾಕುವ ಬದಲು ಗುಮಾಸ್ತರು ಪರದೆಯ ಮುಂದೆ ಕುಳಿತು ನಮೂದಿಸಿದ ಕೂಡಲೇ ಲೆಕ್ಕ ಬದಲಾಗುವುದು. ಎರಡು, ಪ್ರತಿ ಕಂಪೆನಿಗೂ ಬೇರೆ ಬೇರೆ ಪ್ರೋಗ್ರಾಂ ಬರೆಯದೆ ಎಲ್ಲರಿಗೂ ಹೊಂದುವ ಒಂದೇ ಸಿದ್ಧ ಸಾಫ್ಟ್‌ವೇರ್ ಮಾರುವುದು. ಮೊದಲನೆಯದನ್ನು ಹೊಲಿಸಿದ ಅಂಗಿಗೆ ಹೋಲಿಸಿದರೆ ಎರಡನೆಯದು ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಅಂಗಿ. ತೋಳು ತುಸು ಉದ್ದವಾದರೆ ಮಡಿಸಿಕೊಳ್ಳಬೇಕು, ಅಷ್ಟೇ.

1992ರಲ್ಲಿ ಬಂದ ಇವರ ‘ಆರ್/3’ ಜಗತ್ತನ್ನೇ ವ್ಯಾಪಿಸಿತು. ದೈತ್ಯ ಮೇನ್‌ಫ್ರೇಮ್ ಯಂತ್ರಗಳ ಬದಲು ಸಣ್ಣ ಸರ್ವರ್‌ಗಳ ಮೇಲೆ, ಮೇಜಿನ ಮೇಲಿನ ಕಂಪ್ಯೂಟರುಗಳ ಮೂಲಕ ನಡೆಯುವ ವ್ಯವಸ್ಥೆ ಅದು. ಇದರಲ್ಲಿ ಒಂದು ಬೇಡಿಕೆ ನಮೂದಾದರೆ ಏನಾಗುತ್ತದೆಂದು ನೋಡಿ. ಮಾರಾಟದವರು 100 ಸೈಕಲ್ ಎಂದು ಬರೆಯುತ್ತಾರೆ. ಆ ಗಿರಾಕಿ ಹಳೆಯ ಬಾಕಿ ಉಳಿಸಿಕೊಂಡಿದ್ದಾನೆಯೇ ಎಂದು ವ್ಯವಸ್ಥೆ ತಾನೇ ನೋಡುತ್ತದೆ. ಉಗ್ರಾಣದಲ್ಲಿ ಇರುವಷ್ಟನ್ನು ಆತನ ಹೆಸರಿಗೆ ಕಾದಿರಿಸುತ್ತದೆ. ಉಳಿದದ್ದಕ್ಕೆ ಕಾರ್ಖಾನೆಗೆ ಸೂಚನೆ ಹೋಗುತ್ತದೆ, ಕಡ್ಡಿಗೆ ಖರೀದಿ ಚೀಟಿ ಸಿದ್ಧವಾಗುತ್ತದೆ. ಸರಕು ಗೇಟು ದಾಟಿದ ಕ್ಷಣ ದಾಸ್ತಾನಿನ ಖಾತೆ ಇಳಿಯುತ್ತದೆ, ಬಿಲ್ಲು ಹೊರಟಾಗ ಗಿರಾಕಿಯ ಖಾತೆಗೆ ಬಾಕಿ ಏರುತ್ತದೆ. ಕಿರ್ದಿಯಿಂದ ಖಾತೆಗೆ ಎತ್ತಿ ಬರೆಯುವ ಗುಮಾಸ್ತರ ಕೆಲಸವೇ ಇಲ್ಲ. ಒಮ್ಮೆ ಬರೆದರೆ ಎಲ್ಲ ಕಡೆ ಬರೆದಂತೆ.

1990ರಲ್ಲಿ ಗಾರ್ಟ್ನರ್ ಎಂಬ ಅಮೆರಿಕದ ಸಲಹಾ ಸಂಸ್ಥೆ ಇಂತಹ ವ್ಯವಸ್ಥೆಗಳಿಗೆ ಇಆರ್‌ಪಿ ಎಂದು ನಾಮಕರಣ ಮಾಡಿತು. ಒರಾಕಲ್, ಪೀಪಲ್‌ಸಾಫ್ಟ್, ಜೆ.ಡಿ. ಎಡ್ವರ್ಡ್ಸ್, ಹಾಲೆಂಡಿನ ಬಾನ್ ಹೀಗೆ ಹಲವು ಕಂಪೆನಿಗಳು ಪೈಪೋಟಿಗೆ ಇಳಿದವು. ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿದ್ದ ಹಳೆಯ ಪ್ರೋಗ್ರಾಂಗಳು 2000ನೇ ಇಸವಿ ಬಂದಾಗ ದಾರಿ ತಪ್ಪುತ್ತವೆಂಬ ಭಯ ಈ ವ್ಯಾಪಾರಕ್ಕೆ ಇನ್ನಷ್ಟು ಗಾಳಿ ಹಾಕಿತು. ಹಳೆಯದನ್ನು ತೇಪೆ ಹಾಕಿ ಸರಿಪಡಿಸುವ ಬದಲು ಹೊಸ ಇಆರ್‌ಪಿಯನ್ನೇ ತರುವುದು ಲೇಸೆಂದು ಅನೇಕ ಕಂಪೆನಿಗಳು ನಿರ್ಧರಿಸಿದವು.

ಬೆಂಗಳೂರಿನ ಅದೃಷ್ಟ ತೆರೆದ ಬಾಗಿಲುಗಳಲ್ಲಿ ಇದೂ ಒಂದು. ಸಾಫ್ಟ್‌ವೇರ್ ಕೊಂಡರೆ ಸಾಲದು, ಅದನ್ನು ಕಂಪೆನಿಯ ಕೆಲಸಕ್ಕೆ ಹೊಂದಿಸಿಕೊಡಲು ಜನ ಬೇಕು. ಆ ಕೆಲಸ ನಮ್ಮ ಸಾಫ್ಟ್‌ವೇರ್ ಕಂಪೆನಿಗಳಿಗೆ ದೊಡ್ಡ ಆದಾಯವಾಯಿತು. 1998ರಲ್ಲಿ ಎಸ್‌ಎಪಿ ಬೆಂಗಳೂರಿನಲ್ಲಿ ತನ್ನ ಸಂಶೋಧನಾ ಕೇಂದ್ರವನ್ನೇ ತೆರೆಯಿತು. ಜರ್ಮನಿಯ ಹೊರಗೆ ಆ ಸಂಸ್ಥೆಗಿರುವ ಅತಿ ದೊಡ್ಡ ಕೇಂದ್ರ ಅದು. ಒಂದು ತಮಾಷೆಯ ಸಂಗತಿಯೂ ಇದೆ. ಎಸ್‌ಎಪಿಯ ಒಳಗೆ ಗಿರಾಕಿಯ ಸಂಖ್ಯೆಗೆ ಇರುವ ಸಂಕೇತ ‘ಕೆಯುಎನ್‌ಎನ್‌ಆರ್’. ಗಿರಾಕಿ ಎಂಬುದಕ್ಕೆ ಜರ್ಮನ್ ಮಾತು ‘ಕುಂಡೆ’, ಅದರಿಂದ ಬಂದದ್ದು. ಸರಕು ಒದಗಿಸುವವನ ಸಂಕೇತದ ಮೂಲವೂ ಜರ್ಮನ್ನೇ. ಒಂದು ಅಕ್ಷರ ಜರ್ಮನ್ ಕಲಿಯದ ತುಮಕೂರು, ದಾವಣಗೆರೆಯ ಹುಡುಗರು ಈ ಸಂಕೇತಗಳನ್ನು ಬಾಯಿಪಾಠ ಮಾಡಿ ಜೀವನ ಕಟ್ಟಿಕೊಂಡರು.

ಅಂಗಿಗೆ ಮೈಯೋ, ಮೈಗೆ ಅಂಗಿಯೋ

ಆದರೆ ರೆಡಿಮೇಡ್ ಅಂಗಿಯ ಜೊತೆಗೆ ಒಂದು ಪ್ರಶ್ನೆಯೂ ಬಂತು. ಸಾಫ್ಟ್‌ವೇರ್ ಸಂಸ್ಥೆಗೆ ಹೊಂದಿಕೊಳ್ಳಬೇಕೋ, ಸಂಸ್ಥೆ ಸಾಫ್ಟ್‌ವೇರಿಗೆ ಹೊಂದಿಕೊಳ್ಳಬೇಕೋ? ಇಂತಹ ವ್ಯವಸ್ಥೆಗಳು ತಮ್ಮದೇ ತರ್ಕವನ್ನು ಕಂಪೆನಿಯ ಕಾರ್ಯವಿಧಾನದ ಮೇಲೆ, ಅದರ ಸಂಸ್ಕೃತಿಯ ಮೇಲೆ ಹೇರುತ್ತವೆ ಎಂದು ಅಮೆರಿಕದ ವಿದ್ವಾಂಸ ಥಾಮಸ್ ಡೇವನ್‌ಪೋರ್ಟ್ 1998ರಲ್ಲೇ ಎಚ್ಚರಿಸಿದ್ದರು. ಮುಂದಿನ ವರ್ಷವೇ ಅದಕ್ಕೊಂದು ಉದಾಹರಣೆ ಸಿಕ್ಕಿತು.

ಅಮೆರಿಕದ ಹೆಸರಾಂತ ಚಾಕೊಲೇಟ್ ಕಂಪೆನಿ ಹರ್ಷೀಸ್ ಸುಮಾರು 11.2 ಕೋಟಿ ಡಾಲರ್ ಖರ್ಚು ಮಾಡಿ ಹೊಸ ವ್ಯವಸ್ಥೆ ತಂದಿತು. ನಾಲ್ಕು ವರ್ಷ ಹಿಡಿಯಬೇಕಿದ್ದ ಕೆಲಸವನ್ನು ಎರಡೂವರೆ ವರ್ಷದಲ್ಲಿ ಮುಗಿಸಲು ಆತುರಪಟ್ಟಿತು. 1999ರ ಜುಲೈನಲ್ಲಿ, ಅಂದರೆ ಅಲ್ಲಿಯ ಮಕ್ಕಳು ಮಿಠಾಯಿಗೆ ಮುಗಿಬೀಳುವ ಹ್ಯಾಲೊವೀನ್ ಹಬ್ಬಕ್ಕೆ ಬೇಡಿಕೆ ಬರುವ ಹೊತ್ತಿಗೇ, ಹೊಸ ಪದ್ಧತಿ ಚಾಲೂ ಆಯಿತು. ಉಗ್ರಾಣದಲ್ಲಿ ಸರಕು ಇತ್ತು, ಅಂಗಡಿಗಳಿಂದ ಬೇಡಿಕೆ ಇತ್ತು, ಆದರೆ ಸುಮಾರು 10 ಕೋಟಿ ಡಾಲರ್ ಬೆಲೆಯ ಸರಕು ಹೊತ್ತಿಗೆ ಸರಿಯಾಗಿ ಹೊರಬೀಳಲಿಲ್ಲ. ನಂತರದ ವಿಶ್ಲೇಷಣೆಗಳಲ್ಲಿ ಒಂದು ಸಂಗತಿ ಪ್ರಸ್ತಾಪವಾಯಿತು. ಹಬ್ಬದ ನೂಕುನುಗ್ಗಲಿನಲ್ಲಿ ಖಾಲಿ ಇದ್ದ ಕೋಣೆಗಳಲ್ಲೆಲ್ಲ ಪೆಟ್ಟಿಗೆ ಇಡುವುದು ಅಲ್ಲಿನ ರೂಢಿಯಾಗಿತ್ತು. ಆ ಜಾಗಗಳು ಹಳೆಯ ನೌಕರರಿಗೆ ಗೊತ್ತು. ಹೊಸ ವ್ಯವಸ್ಥೆಗೆ ಅವುಗಳ ಬಗ್ಗೆ ಯಾರೂ ಹೇಳಿರಲಿಲ್ಲ. ಪುಸ್ತಕದಲ್ಲಿ ಇಲ್ಲದ ಚಾಕೊಲೇಟು ಕಣ್ಣೆದುರೇ ಇದ್ದರೂ ಇಲ್ಲದಂತೆಯೇ.

ಜರ್ಮನಿಯ ಲಿಡ್ಲ್ ಎಂಬ ದಿನಸಿ ಅಂಗಡಿಗಳ ಸಂಸ್ಥೆಯದು ಇದಕ್ಕೆ ವಿರುದ್ಧ ದಿಕ್ಕಿನ ಕಥೆ. 2011ರಲ್ಲಿ ಆರಂಭಿಸಿದ ಎಸ್‌ಎಪಿ ಯೋಜನೆಯನ್ನು ಏಳು ವರ್ಷಗಳ ಬಳಿಕ 2018ರಲ್ಲಿ ಅದು ಕೈಬಿಟ್ಟಿತು. ಅಷ್ಟರಲ್ಲಿ ಖರ್ಚಾಗಿದ್ದ ಹಣ ಸುಮಾರು 50 ಕೋಟಿ ಯೂರೊ. ಆಗಿನ ಪತ್ರಿಕಾ ವರದಿಗಳ ಪ್ರಕಾರ ತೊಡಕಿನ ಮೂಲ ಚಿಕ್ಕದು. ಲಿಡ್ಲ್ ತನ್ನ ದಾಸ್ತಾನಿಗೆ ಕೊಂಡ ಬೆಲೆಯಲ್ಲಿ ಮೌಲ್ಯ ಕಟ್ಟುತ್ತಿತ್ತು. ಸಾಫ್ಟ್‌ವೇರಿನ ರೂಢಿ ಮಾರುವ ಬೆಲೆಯದು. ಸಂಸ್ಥೆ ತನ್ನ ಪದ್ಧತಿ ಬಿಡಲೊಪ್ಪಲಿಲ್ಲ. ಸಾಫ್ಟ್‌ವೇರನ್ನೇ ಬಗ್ಗಿಸುತ್ತಾ ಹೋಗಿ ಕೊನೆಗೆ ಅದು ಮುರಿಯಿತು. ಅಂಗಿಯನ್ನು ಬಿಚ್ಚಿ ಬಿಚ್ಚಿ ಹೊಲಿದರೆ ಬಟ್ಟೆಯೂ ಉಳಿಯುವುದಿಲ್ಲ.

ಯಂತ್ರ ಹೇಳಿದ್ದೇ ಸತ್ಯವಾದಾಗ

ಚಾಕೊಲೇಟು ತಡವಾದರೆ, ಹಣ ಪೋಲಾದರೆ ನಷ್ಟ ಕಂಪೆನಿಗೆ. ಆದರೆ ಒಂದೇ ಕಡತದ ಕನಸಿಗೆ ಇನ್ನೊಂದು ಮುಖವಿದೆ. ಎಲ್ಲರಿಗೂ ಒಂದೇ ಪುಸ್ತಕವಾದಾಗ ಆ ಪುಸ್ತಕವೇ ತಪ್ಪಾದರೆ ಅದನ್ನು ತಾಳೆ ನೋಡಲು ಬೇರೆ ಪುಸ್ತಕ ಎಲ್ಲಿದೆ?

ಬ್ರಿಟನ್ನಿನ ಅಂಚೆ ಕಚೇರಿಗಳ ಪ್ರಕರಣ ಈ ಪ್ರಶ್ನೆಯನ್ನು ಮುಂದಿಟ್ಟಿತು. ಅಲ್ಲಿನ ವ್ಯವಸ್ಥೆ ಪೂರ್ಣ ಇಆರ್‌ಪಿ ಅಲ್ಲ, ಆದರೆ ಅದೇ ವಂಶದ್ದು. ಸಾವಿರಾರು ಅಂಚೆ ಕಚೇರಿಗಳ ಲೆಕ್ಕವನ್ನು ಒಂದುಗೂಡಿಸಲು 1999ರಲ್ಲಿ ‘ಹೊರೈಜನ್’ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂತು. ಬಂದ ಸ್ವಲ್ಪ ದಿನಗಳಲ್ಲೇ ಅನೇಕ ಸಣ್ಣ ಅಂಚೆ ಕಚೇರಿಗಳಲ್ಲಿ ಹಣ ಕಡಿಮೆ ಬರುತ್ತಿರುವಂತೆ ಪರದೆ ತೋರಿಸತೊಡಗಿತು. ಕೊರತೆ ಬಿದ್ದ ಹಣವನ್ನು ಅಲ್ಲಿನ ಪೋಸ್ಟ್ ಮಾಸ್ಟರುಗಳೇ ತುಂಬಿಕೊಡಬೇಕು ಎಂದು ಇಲಾಖೆ ಪಟ್ಟು ಹಿಡಿಯಿತು. ಹಲವರು ಕೈಯಿಂದ ಕಟ್ಟಿದರು, ಮನೆ ಒತ್ತೆ ಇಟ್ಟರು. ದೂರಿದವರಿಗೆ ‘ಈ ತೊಂದರೆ ನಿಮಗೊಬ್ಬರಿಗೇ’ ಎಂಬ ಉತ್ತರ ಬರುತ್ತಿತ್ತು.

ಕಳ್ಳತನದ, ಸುಳ್ಳು ಲೆಕ್ಕದ ಆರೋಪದ ಮೇಲೆ ಮುಂದಿನ ವರ್ಷಗಳಲ್ಲಿ 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಅವರಲ್ಲಿ ಭಾರತೀಯ ಮೂಲದವರೂ ಹಲವರಿದ್ದರು. ಗರ್ಭಿಣಿಯೊಬ್ಬರು 2010ರಲ್ಲಿ ಜೈಲು ಸೇರಬೇಕಾಯಿತು. ಕಂಪ್ಯೂಟರಿನ ದಾಖಲೆಯನ್ನು ಸಾಕ್ಷ್ಯವಾಗಿ ಕೊಡುವವರು ಅದು ಸರಿಯಾಗಿ ಕೆಲಸ ಮಾಡುತ್ತಿತ್ತೆಂದು ತೋರಿಸಬೇಕು ಎಂಬ ಕಾನೂನಿನ ಅಗತ್ಯವನ್ನು ಬ್ರಿಟನ್ 1999ರ ಕಾಯಿದೆಯಿಂದ ಕೈಬಿಟ್ಟಿತ್ತು. ಯಂತ್ರ ಸರಿ ಎಂದೇ ಎಣಿಸಿ, ತಪ್ಪೆಂದು ತೋರಿಸುವ ಹೊರೆ ಮನುಷ್ಯನ ಮೇಲೆ ಬಿತ್ತು. ಆದರೆ ತೋರಿಸುವುದು ಹೇಗೆ? ಪುಸ್ತಕವೆಲ್ಲ ಯಂತ್ರದೊಳಗಿತ್ತು, ಯಂತ್ರದ ಬೀಗದ ಕೈ ಎದುರು ಕಕ್ಷಿಯ ಬಳಿ ಇತ್ತು.

ಹೊರೈಜನ್‌ನಲ್ಲಿ ದೋಷಗಳಿದ್ದವೆಂದು ಹೈಕೋರ್ಟ್ ತೀರ್ಪು ಕೊಟ್ಟಿದ್ದು 2019ರಲ್ಲಿ. ಶಿಕ್ಷೆಗಳನ್ನು ಸಾರಾಸಗಟಾಗಿ ರದ್ದು ಮಾಡುವ ಕಾಯಿದೆ ಬಂದದ್ದು 2024ರಲ್ಲಿ. ಇಪ್ಪತ್ತೈದು ವರ್ಷಗಳ ಅವಧಿಯಲ್ಲಿ ಅನೇಕರು ಮನೆ, ಮಾನ, ಆರೋಗ್ಯ ಕಳೆದುಕೊಂಡಿದ್ದರು, ಕೆಲವರು ಬದುಕಿಯೇ ಇರಲಿಲ್ಲ.

ಚಿಕ್ಕ ಅಂಗಡಿಗೂ ಬಂತು

ಇವೆಲ್ಲ ದೊಡ್ಡವರ ಸಂಗತಿ, ಸಣ್ಣ ವ್ಯಾಪಾರಿಗೇನು ಎಂದು ಕೇಳಬಹುದು. ನಮ್ಮ ದೇಶದ ಸಣ್ಣ ವ್ಯಾಪಾರಿಗೆ ಬೆಂಗಳೂರಿನಿಂದಲೇ ಉತ್ತರ ಬಂದಿತ್ತು. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಬೆಂಗಳೂರಿನಲ್ಲಿ ಆರಂಭಿಸಿದ ಸಂಸ್ಥೆಯ ಸಾಫ್ಟ್‌ವೇರ್ ‘ಟ್ಯಾಲಿ’. ಹೆಸರಿನ ಅರ್ಥ ತಾಳೆ ಎಂದೇ. ಸಂಕೇತ ಸಂಖ್ಯೆಗಳನ್ನು ನೆನಪಿಡುವ ಗೋಜಿಲ್ಲದೆ ಖಾತೆಯ ಹೆಸರನ್ನೇ ಬರೆಯಬಹುದಾದ್ದರಿಂದ ಕಿರ್ದಿ ಬರೆಯುತ್ತಿದ್ದವರಿಗೂ ಅದು ಒಗ್ಗಿತು. ಜನರ ರೂಢಿಗೆ ಯಂತ್ರ ಹೊಂದಿಕೊಂಡರೆ ಎಷ್ಟು ದೂರ ಹೋಗಬಹುದೆಂಬುದಕ್ಕೆ ಇದು ನಿದರ್ಶನ. ಇಂದು ಸಣ್ಣ ಪಟ್ಟಣಗಳ ಕಂಪ್ಯೂಟರ್ ತರಬೇತಿ ಶಾಲೆಯ ಬೋರ್ಡಿನಲ್ಲೂ ಟ್ಯಾಲಿ ಎಂಬ ಹೆಸರು ಕಾಣುತ್ತದೆ.

2017ರಲ್ಲಿ ಜಿಎಸ್‌ಟಿ ಬಂದ ಮೇಲೆ ವ್ಯಾಪಾರಿಯ ಲೆಕ್ಕ ಅಂಗಡಿಯ ಗೋಡೆ ದಾಟಿತು. 2023ರ ಆಗಸ್ಟ್‌ನಿಂದ ವಾರ್ಷಿಕ 5 ಕೋಟಿ ರೂಪಾಯಿ ಮೀರಿದ ವಹಿವಾಟಿನವರು ಇನ್ನೊಂದು ಉದ್ಯಮಕ್ಕೆ ಕೊಡುವ ಬಿಲ್ಲನ್ನು ಸರ್ಕಾರಿ ಜಾಲದಲ್ಲಿ ನೋಂದಾಯಿಸಿ ಸಂಖ್ಯೆ ಪಡೆಯಬೇಕಾಗಿದೆ. ಮಾರಿದವರ ಪುಸ್ತಕ, ಕೊಂಡವರ ಪುಸ್ತಕ, ಸರ್ಕಾರದ ಪುಸ್ತಕ ಮೂರೂ ತಾಳೆಯಾಗಬೇಕು. ಮಾರಿದವರು ತೋರಿಸದಿದ್ದರೆ ಕೊಂಡವರಿಗೆ ತೆರಿಗೆಯ ರಿಯಾಯಿತಿ ಸಿಗುವುದು ಕಷ್ಟ. ಅದೇ ವರ್ಷದ ಏಪ್ರಿಲ್ 1ರಿಂದ ಕಂಪೆನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡೂ ಉಳಿಯಬೇಕು, ಅದನ್ನು ನಿಲ್ಲಿಸಲು ಬರಬಾರದು ಎಂಬ ನಿಯಮ ಜಾರಿಗೆ ಬಂತು. ಬಳಪದ ಕಡತದಲ್ಲಿ ಅಳಿಸಿ ಬರೆಯಬಹುದಿತ್ತು. ಇಲ್ಲಿ ತಿದ್ದಬಹುದು, ಆದರೆ ತಿದ್ದಿದ್ದನ್ನು ಮರೆಮಾಚುವಂತಿಲ್ಲ.

ಮುಂದೇನು?

ಮುಂದಿನ ಹಾದಿಯಲ್ಲಿ ಮೂರು ಬದಲಾವಣೆಗಳು ಈಗಲೇ ಕಾಣುತ್ತಿವೆ.

ಮೊದಲನೆಯದು, ಸಾಫ್ಟ್‌ವೇರ್ ಕೊಳ್ಳುವ ಬದಲು ಬಾಡಿಗೆಗೆ ಪಡೆಯುವುದು. ಲೆಕ್ಕವೆಲ್ಲ ಸಾಫ್ಟ್‌ವೇರ್ ಕಂಪೆನಿಯ ಯಂತ್ರಗಳಲ್ಲೇ ಇರುತ್ತದೆ, ಇಂಟರ್‌ನೆಟ್ ಮೂಲಕ ಬಳಸಬೇಕು. ಎಸ್‌ಎಪಿ 2015ರಲ್ಲಿ ತಂದ ‘ಎಸ್/4 ಹಾನಾ’ ಎಂಬ ಹೊಸ ಪೀಳಿಗೆಯ ವ್ಯವಸ್ಥೆಗೆ ಹಳೆಯ ಗಿರಾಕಿಗಳೆಲ್ಲ ಬರಬೇಕೆಂದು ಬಯಸುತ್ತಿದೆ. ಹಳೆಯದರ ಸಾಮಾನ್ಯ ನಿರ್ವಹಣೆಗೆ 2027ರ ಕೊನೆಯ ಗಡುವನ್ನು ಅದು 2020ರಲ್ಲಿ ಪ್ರಕಟಿಸಿತು. ಹೆಚ್ಚಿನ ಶುಲ್ಕ ಕೊಟ್ಟರೆ 2030ರವರೆಗೆ ಅವಕಾಶ. ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವ ಮುನ್ನ ಕೇಳಬೇಕು. ಹಾಗೆಯೇ ಇಲ್ಲಿ ತಮಗೆ ಬೇಕಾದಂತೆ ಬದಲಿಸಿಕೊಳ್ಳುವ ಸ್ವಾತಂತ್ರ್ಯ ಕಡಿಮೆ. ಅಂಗಿಗೆ ಮೈಯೋ ಎಂಬ ಹಳೆಯ ಪ್ರಶ್ನೆಗೆ ಉತ್ತರ ಅಂಗಿಯ ಪರವಾಗಿ ವಾಲುತ್ತಿದೆ.

ಎರಡನೆಯದು ಇದಕ್ಕೆ ಪರ್ಯಾಯ. ಮೂಲ ಬರಹವನ್ನೇ ಎಲ್ಲರಿಗೂ ತೆರೆದಿಟ್ಟ ಮುಕ್ತ ಸಾಫ್ಟ್‌ವೇರುಗಳು ಇಆರ್‌ಪಿ ಕ್ಷೇತ್ರದಲ್ಲೂ ಬಂದಿವೆ. ಮುಂಬಯಿಯ ಫ್ರಾಪೆ ಸಂಸ್ಥೆಯ ‘ಇಆರ್‌ಪಿ ನೆಕ್ಸ್ಟ್’ ಅವುಗಳಲ್ಲೊಂದು. ಯಾರು ಬೇಕಾದರೂ ಪಡೆದು, ಒಳಗೇನಿದೆ ಎಂದು ನೋಡಿ, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ತಿದ್ದಬಲ್ಲ ಜನ ಬೇಕು ಎಂಬುದಷ್ಟೇ ಇಲ್ಲಿನ ಕಟ್ಟುಪಾಡು.

ಮೂರನೆಯದು ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆ. ಎಸ್‌ಎಪಿ 2023ರಲ್ಲಿ ‘ಜೂಲ್’ ಎಂಬ ಸಹಾಯಕನನ್ನು ಪ್ರಕಟಿಸಿತು. ಇತರ ಕಂಪೆನಿಗಳೂ ಹಿಂದೆ ಬಿದ್ದಿಲ್ಲ. ಪರದೆಗಳ ಮೇಲೆ ಪರದೆ ತೆರೆಯುವ ಬದಲು ‘ಈ ತಿಂಗಳು ಯಾರ ಬಾಕಿ ಹೆಚ್ಚು’ ಎಂದು ಮಾತಿನಲ್ಲೇ ಕೇಳಬಹುದು. ಇನ್ನೂ ಮುಂದೆ ಹೋಗಿ, ಕಡ್ಡಿ ಯಾರಿಂದ ಕೊಳ್ಳಬೇಕು, ಯಾವ ಬಿಲ್ಲಿಗೆ ಹಣ ಕೊಡಬೇಕು ಎಂಬುದನ್ನೂ ಯಂತ್ರವೇ ನಿರ್ಧರಿಸುವ ದಿನಗಳು ಹತ್ತಿರವಾಗುತ್ತಿವೆ. ಹೀಗಾದರೆ ಬರೆಯುವ ಗುಮಾಸ್ತರ ಕೆಲಸ ಮಾತ್ರವಲ್ಲ, ಬರೆದದ್ದನ್ನು ಓದಿ ತೀರ್ಮಾನಿಸುವವರ ಕೆಲಸವೂ ಕಡಿಮೆಯಾಗಬಹುದು.

ಇಲ್ಲಿಯೇ ಓರ್ಲಿಕಿಯವರ ಕಾಲದ ಷರತ್ತು ಮತ್ತೆ ಎದುರಾಗುತ್ತದೆ. ಯಂತ್ರ ಎಷ್ಟೇ ಜಾಣನಾದರೂ ಪುಸ್ತಕದಲ್ಲಿ ಬರೆಯದೇ ಇರುವ ಚಾಕೊಲೇಟು ಅದಕ್ಕೆ ಕಾಣದು. ಉಗ್ರಾಣದಲ್ಲಿ ಇಲ್ಲದ ಕಡ್ಡಿಯನ್ನು ಇದೆ ಎಂದು ಬರೆದಿದ್ದರೆ ಅದು ಇದೆ ಎಂದೇ ನಂಬುತ್ತದೆ, ನಂಬಿಕೊಂಡು ಮೊದಲಿಗಿಂತ ಬೇಗ ಮುಂದಿನ ಹೆಜ್ಜೆ ಇಡುತ್ತದೆ. ಹಿಂದೆ ನಡುವೆ ಒಬ್ಬ ಗುಮಾಸ್ತನಾದರೂ ‘ಇದು ಎಲ್ಲೋ ತಪ್ಪಿದಂತಿದೆ’ ಎಂದು ಪೆನ್ನು ಕೆಳಗಿಡುತ್ತಿದ್ದ.

ಹಾಗೆಂದ ಮಾತ್ರಕ್ಕೆ ಹತ್ತು ಪುಸ್ತಕಗಳ ಕಾಲಕ್ಕೆ ಹಿಂದಿರುಗಬೇಕೆಂದಲ್ಲ. ಆ ಕಾಲದಲ್ಲಿ ಲೆಕ್ಕ ತಾಳೆಯಾಗದೆ ಬಡಗುಮಾಸ್ತರು ಅನುಭವಿಸಿದ ಕಿರುಕುಳವೂ, ದೊಡ್ಡವರು ನುಂಗಿ ನೀರು ಕುಡಿದದ್ದೂ ಕಡಿಮೆಯಲ್ಲ. ಒಂದೇ ಪುಸ್ತಕ ಒಳ್ಳೆಯದೇ. ಆದರೆ ಅದಕ್ಕೆ ಎರಡು ಕಟ್ಟಳೆಗಳು ಬೇಕು. ಉಗ್ರಾಣದ ಬಾಗಿಲಲ್ಲಿ ನಿಂತವರಿಗೆ ಗೊತ್ತಿರುವುದನ್ನು ಕೇಳಿ ಬರೆದುಕೊಂಡ ಮೇಲೆಯೇ ವ್ಯವಸ್ಥೆಯನ್ನು ಕಟ್ಟಬೇಕು. ಪುಸ್ತಕ ಒಬ್ಬರ ವಿರುದ್ಧ ಮಾತನಾಡಿದಾಗ ಆ ಪುಸ್ತಕವನ್ನು ತೆರೆದು ನೋಡುವ, ಪ್ರಶ್ನಿಸುವ ಹಕ್ಕು ಅವರಿಗೂ ಇರಬೇಕು. ಮೊದಲನೆಯದನ್ನು ಮರೆತವರು ಹಣ ಕಳೆದುಕೊಂಡರು. ಎರಡನೆಯದನ್ನು ಮರೆತ ಕಡೆ ತಪ್ಪು ಮಾಡದವರು ಜೈಲಿಗೆ ಹೋದರು.

ಹೊಸ ವ್ಯವಸ್ಥೆ ಕೊಳ್ಳಲು ಹೊರಟ ಕಾರ್ಖಾನೆಯಾಗಲಿ, ಸಹಕಾರ ಸಂಘವಾಗಲಿ, ಸರ್ಕಾರದ ಇಲಾಖೆಯಾಗಲಿ ಮಾರಾಟಗಾರರನ್ನು ಬೆಲೆ ಎಷ್ಟು, ವೇಗ ಎಷ್ಟು ಎಂದು ಕೇಳುವುದು ಸಹಜ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುವುದೊಳ್ಳೆಯದು: ‘ಇದು ತಪ್ಪು ಹೇಳಿದಾಗ, ತಪ್ಪೆಂದು ತೋರಿಸುವುದು ಹೇಗೆ?’ ಇದಕ್ಕೆ ಸರಿಯಾದ ಉತ್ತರ ಸಿಗುವವರೆಗೆ ಸಹಿ ಹಾಕಲು ಅವಸರ ಬೇಡ.